ಗಂಟೆ ಲೆಕ್ಕದ ಆಟಕ್ಕೆ ಆಯುಷ್ಯವೆಷ್ಟು?

ಬಿಟಿಎಂ ಲೇಔಟ್, ಜೆ.ಪಿ. ನಗರ, ಜಯನಗರ ಸುತ್ತಮುತ್ತ ಈಗ ಕ್ರಿಕೆಟ್ಟಿಗೂ ಫುಟ್‌ಬಾಲಿಗೂ ಟರ್ಫ್ ಅಂಕಣಗಳು ಬಾಡಿಗೆಗೆ ದೊರೆಯುತ್ತವೆ. ಕೃತಕ ಹುಲ್ಲು, ಸುತ್ತ ಬಲೆ, ಮೇಲೆ ಪ್ರಖರ ದೀಪ. ಹಣ ಗಂಟೆಯ ಲೆಕ್ಕದಲ್ಲಿ. ಇದನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಬಯಲು ಸಿಗದ ಕಡೆ ಮಾರುಕಟ್ಟೆ ಒಂದು ದಾರಿ ತೋರಿದೆ. ಆದರೆ ಇಂಥ ತಾಣಗಳು ಎಷ್ಟು ಕಾಲ ಬಾಳುತ್ತವೆ ಎಂಬ ಪ್ರಶ್ನೆಯನ್ನು ನಗರಾಡಳಿತ ಕೇಳಿಕೊಳ್ಳಲೇಬೇಕು.

ಇದಕ್ಕೆ ಉತ್ತರ ಅಮೆರಿಕದ ಸ್ಲಾಟ್ ಕಾರ್ ಕೇಂದ್ರಗಳ ಇತಿಹಾಸದಲ್ಲಿದೆ. ಅಂಗೈಯಗಲದ ಆಟಿಕೆ ಕಾರು. ಅದರ ತಳದ ಗೂಟ ಹಾದಿಯಲ್ಲಿ ಕೊರೆದ ಸೀಳಿನಲ್ಲಿ ಸಾಗುತ್ತದೆ. ಸೀಳಿನ ಎರಡೂ ಬದಿಯ ಲೋಹದ ಪಟ್ಟಿಗಳಿಂದ ಮೋಟಾರಿಗೆ ವಿದ್ಯುತ್ ದೊರೆಯುತ್ತದೆ. ಆಟಗಾರನ ವಶದಲ್ಲಿರುವುದು ವೇಗ ಮಾತ್ರ. ತಿರುವಿನಲ್ಲಿ ದುಡುಕಿದರೆ ಕಾರು ಹಾದಿ ಬಿಟ್ಟು ಹಾರುತ್ತದೆ. ಬ್ರಿಟನ್ನಿನ ಫ್ರೆಡ್ ಫ್ರಾನ್ಸಿಸ್ 1957ರಲ್ಲಿ ಹೊರತಂದ ಸ್ಕೇಲೆಕ್ಸ್‌ಟ್ರಿಕ್ ಮನೆಯೊಳಗಿನ ಆಟವಾಗಿತ್ತು. 1960ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಊರೂರಲ್ಲಿ ಎಂಟು ಸಾಲುಗಳ ದೊಡ್ಡ ಹಾದಿಗಳನ್ನು ಹೂಡಿದ ವಾಣಿಜ್ಯ ಕೇಂದ್ರಗಳು ತೆರೆದವು. ಅಂದಿನ ಪ್ರಸಿದ್ಧ ಹಾದಿಯೊಂದರ ಸುತ್ತಳತೆ 155 ಅಡಿ. ಸ್ವಂತ ಕಾರು ತಂದವರೂ ಬಾಡಿಗೆಗೆ ಪಡೆದವರೂ ಸಮಯಕ್ಕೆ ತಕ್ಕಷ್ಟು ಹಣ ತೆತ್ತು ಓಡಿಸುತ್ತಿದ್ದರು.

ಆ ದಶಕ ಮುಗಿಯುವ ಹೊತ್ತಿಗೆ ಬಹುಪಾಲು ಕೇಂದ್ರಗಳು ಬಾಗಿಲು ಮುಚ್ಚಿದ್ದವು. ಕಾರಣ ಸರಳ ಅರ್ಥಶಾಸ್ತ್ರ. ಹೊಸತನದ ಆಕರ್ಷಣೆ ತಗ್ಗಿದಂತೆ ಗಿರಾಕಿಗಳು ತಗ್ಗಿದರು. ಕಟ್ಟಡದ ಬಾಡಿಗೆ ತಗ್ಗಲಿಲ್ಲ. ಪಳಗಿದವರ ದುಬಾರಿ ಕಾರುಗಳ ಮುಂದೆ ಹೊಸ ಹುಡುಗ ನಿಲ್ಲಲಾರದೆ ಹಿಂದೆ ಸರಿದ. ಇಂದು ಕೆಲವೇ ಹವ್ಯಾಸಿಗಳು ಆ ಆಟವನ್ನು ಉಳಿಸಿಕೊಂಡಿದ್ದಾರೆ. ಮಿಕ್ಕವರಿಗೆ ಅದು ಬಾಲ್ಯದ ನೆನಪು.

ನಮ್ಮ ಬಡಾವಣೆಗಳ ಕಥೆಯೂ ಬೇರೆಯಲ್ಲ. ನನ್ನ ತಲೆಮಾರಿನ ಅನೇಕರು ಸೈಕಲ್ ಕಲಿತದ್ದು ಗಂಟೆಗಿಷ್ಟು ಎಂದು ಬಾಡಿಗೆ ಪಡೆಯುತ್ತಿದ್ದ ಸೈಕಲ್ ಅಂಗಡಿಗಳ ಕೃಪೆಯಿಂದ. 2000ರ ದಶಕದಲ್ಲಿ ಬಿಟಿಎಂ ಲೇಔಟ್‌ನ ಸೈಬರ್ ಕೆಫೆಗಳಲ್ಲಿ ಹುಡುಗರು ಸಾಲಾಗಿ ಕುಳಿತು ಕೌಂಟರ್ ಸ್ಟ್ರೈಕ್ ಆಡುತ್ತಿದ್ದರು. ಮನೆಗೆ ಬ್ರಾಡ್‌ಬ್ಯಾಂಡ್ ಬಂತು. 2016ರಲ್ಲಿ ಜಿಯೊ ಬಂದ ಮೇಲೆ ಅಂತರ್ಜಾಲ ಅಂಗೈಗೇ ಇಳಿಯಿತು. ಕೆಫೆಗಳು ಕಾಣೆಯಾದವು. ಇದರಲ್ಲಿ ಯಾರ ತಪ್ಪೂ ಇಲ್ಲ. ವ್ಯಾಪಾರಕ್ಕೆ ಹುಟ್ಟುವ ಹಕ್ಕಿರುವಂತೆ ಮುಚ್ಚುವ ಹಕ್ಕೂ ಇದೆ.

ಆದುದರಿಂದಲೇ ಮಕ್ಕಳ ಆಟವನ್ನು ವ್ಯಾಪಾರವೊಂದಕ್ಕೇ ಒಪ್ಪಿಸಲಾಗದು. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯು ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿಡಬೇಕೆನ್ನುತ್ತದೆ; ಆ ಜಾಗದ ಪರಭಾರೆಯನ್ನು 38ಎ ಕಲಮು ನಿಷೇಧಿಸುತ್ತದೆ. ಉದ್ಯಾನ, ಆಟದ ಮೈದಾನಗಳ ಸಂರಕ್ಷಣೆಗೆಂದೇ 1985ರ ಪ್ರತ್ಯೇಕ ಕಾಯ್ದೆಯೂ ಇದೆ. ರಾಜಮಹಲ್ ವಿಲಾಸ್ ಬಡಾವಣೆಯ ಉದ್ಯಾನದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿದ್ದು ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಮುದ್ದಪ್ಪ ಪ್ರಕರಣದಲ್ಲಿ ತೀರ್ಪಿತ್ತಿತು.

ಕಾನೂನು ಗಟ್ಟಿಯಾಗಿದೆ. ಅಪಾಯವಿರುವುದು ಮಾರಾಟಕ್ಕಿಂತ ನಿರ್ವಹಣೆಯ ಹೆಸರಿನಲ್ಲಿ. ಮೈದಾನಕ್ಕೆ ಬೇಲಿ ಹಾಕಿ, ತರಬೇತಿಗೆಂದು ಒಪ್ಪಿಸಿ, ಶುಲ್ಕ ತೆರದ ಮಗುವನ್ನು ಗೇಟಿನಾಚೆ ನಿಲ್ಲಿಸಿದರೆ, ದಾಖಲೆಯಲ್ಲಿ ಅದು ಮೈದಾನವಾಗಿಯೇ ಉಳಿಯುತ್ತದೆ, ಬಳಕೆಯಲ್ಲಿ ಅಂಗಡಿಯಾಗುತ್ತದೆ. ಹುಲ್ಲಿಗೆ ನೀರು, ಕಾವಲಿಗೆ ಸಂಬಳ ಬೇಕಲ್ಲವೇ ಎಂಬ ಅಧಿಕಾರಿಗಳ ಮಾತು ಸುಳ್ಳಲ್ಲ. ಆ ವೆಚ್ಚಕ್ಕೆ ಬೆಳಗಿನ ತರಬೇತಿಗೆ ಶುಲ್ಕ ವಿಧಿಸಬಹುದು. ಶಾಲೆ ಬಿಟ್ಟ ನಂತರದ ಸಂಜೆ ಮಾತ್ರ ನೆರೆಹೊರೆಯ ಮಕ್ಕಳಿಗೆ ಉಚಿತವಾಗಿರಬೇಕು.

2025ರ ಸೆಪ್ಟೆಂಬರ್‌ನಲ್ಲಿ ಅಸ್ತಿತ್ವಕ್ಕೆ ಬಂದ ಐದು ನಗರ ಪಾಲಿಕೆಗಳು ಪ್ರತಿ ವಾರ್ಡಿನ ಮೈದಾನಗಳ ಪಟ್ಟಿಯನ್ನೂ, ಯಾವುದು ಯಾರ ನಿರ್ವಹಣೆಯಲ್ಲಿದೆ, ಯಾವ ವೇಳೆ ಮುಕ್ತ ಎಂಬ ವಿವರವನ್ನೂ ಪ್ರಕಟಿಸಲಿ. ಅದೇ ವಿವರ ಮೈದಾನದ ಗೇಟಿನ ಮೇಲೂ ಕನ್ನಡದಲ್ಲಿರಲಿ. ಟರ್ಫ್ ಅಂಕಣಗಳು ಬಾಳುವಷ್ಟು ದಿನ ಬಾಳಲಿ. ಅವು ಮುಚ್ಚಿದ ದಿನ ಮಕ್ಕಳು ಹೋಗಲು ಹತ್ತಿರದಲ್ಲೇ ಒಂದು ಬಯಲು ಇರಬೇಕು. ಅದನ್ನು ಇಂದೇ ಉಳಿಸಿಕೊಳ್ಳದಿದ್ದರೆ ನಾಳಿನ ಭೂಮಿಯ ಬೆಲೆಯಲ್ಲಿ ಯಾವ ಪಾಲಿಕೆಯೂ ಕೊಳ್ಳಲಾರದು.