ಉಕ್ಕಿನ ಶಾಲೆ ಎಲ್ಲಿರಬೇಕು?

ಒಂದೇ ಒಂದು ಲೋಹದ ಅಧ್ಯಯನಕ್ಕೆಂದು ಪ್ರತ್ಯೇಕ ಸ್ನಾತಕೋತ್ತರ ಸಂಸ್ಥೆಯನ್ನು ಕಟ್ಟುವುದು ಯುಕ್ತವೇ ಎಂಬ ವಿಷಯದಲ್ಲಿ ಲೋಹಶಾಸ್ತ್ರದ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದಕ್ಷಿಣ ಕೊರಿಯಾದ ಪೋಹಾಂಗ್ ನಗರದ ಪೋಸ್ಟೆಕ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಸ್ಥಾಪನೆಯಾದ ಸಂಸ್ಥೆಯೊಂದು ಕಬ್ಬಿಣ ಮತ್ತು ಉಕ್ಕಿನ ಸಂಶೋಧನೆಗೆಂದೇ ಹುಟ್ಟಿ, ಅದರಲ್ಲಿ ಎಂ.ಎಸ್. ಮತ್ತು ಪಿಎಚ್.ಡಿ. ಪದವಿಗಳನ್ನು ಕೊಡುತ್ತ ಬಂದಿದೆ. ಭಾರತೀಯ ಮೂಲದ, ಕೇಂಬ್ರಿಜ್‌ನ ಲೋಹಶಾಸ್ತ್ರಜ್ಞ ಎಚ್.ಕೆ.ಡಿ.ಎಚ್. ಭದೇಶಿಯಾ ಅವರು ಅಲ್ಲಿ ಗಣಕ ಲೋಹಶಾಸ್ತ್ರದ ಪ್ರಯೋಗಾಲಯವನ್ನು ನಡೆಸಿದ್ದರು. ಇತ್ತ ಜರ್ಮನಿಯಲ್ಲಿ 1917ರಲ್ಲಿ ಕಬ್ಬಿಣದ ಸಂಶೋಧನೆಗೆಂದೇ ಹುಟ್ಟಿ, ಬಳಿಕ ಡ್ಯುಸೆಲ್ಡಾರ್ಫಿನಲ್ಲಿ ನೆಲೆಯೂರಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಕಬ್ಬಿಣವನ್ನು ಹೆಸರಿನಲ್ಲಿಟ್ಟುಕೊಂಡೇ ಬಾಳಿದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯು 2024ರಲ್ಲಿ ತನ್ನ ಹೆಸರಿನಿಂದ ಕಬ್ಬಿಣವನ್ನು ಕೈಬಿಟ್ಟು, ಸುಸ್ಥಿರ ವಸ್ತುಗಳ ಸಂಸ್ಥೆ ಎಂದು ಕರೆದುಕೊಂಡಿತು. ಒಂದು ದೇಶ ಕಟ್ಟಿದ್ದನ್ನು ಇನ್ನೊಂದು ದೇಶ ಬಿಡಿಸಿದಂತೆ ಕಾಣುವ ಈ ಎರಡು ನಿದರ್ಶನಗಳ ನಡುವೆ ನಿಂತು ಭಾರತವು ಯಾವ ದಾರಿ ಹಿಡಿಯಬೇಕು, ಹಿಡಿದರೆ ಆ ಶಾಲೆಯನ್ನು ಯಾವ ನೆಲದಲ್ಲಿ ಊರಬೇಕು ಎಂಬುದು ಚರ್ಚೆಗೆ ಯೋಗ್ಯವಾದ ವಿಷಯ.

ಮೊದಲ ಪ್ರಶ್ನೆಗೆ ಉತ್ತರ ಲೋಹದ ಸ್ವಭಾವದಲ್ಲಿಯೇ ಇದೆ. ಕಬ್ಬಿಣವು ಕಾಯುತ್ತ ಹೋದಂತೆ 912 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಪರಮಾಣುಗಳ ಜೋಡಣೆಯನ್ನೇ ಬದಲಿಸಿಕೊಳ್ಳುತ್ತದೆ. ಹಾಗೆ ಬದಲಾದ ರೂಪದಲ್ಲಿ ಇಂಗಾಲ ಹೆಚ್ಚು ಕರಗುತ್ತದೆ, ತಣಿದ ರೂಪದಲ್ಲಿ ಕರಗುವುದು ತೀರ ಕಡಿಮೆ. ಕಾಯಿಸಿದ ಉಕ್ಕನ್ನು ನಿಧಾನವಾಗಿ ತಣಿಸಿದರೆ ಮೆದುವಾಗುವುದೂ, ಥಟ್ಟನೆ ನೀರಿಗದ್ದಿದರೆ ಗಾಜಿನಷ್ಟು ಗಡುಸಾಗುವುದೂ ಈ ಒಂದೇ ಕಾರಣದಿಂದ. ಇಂಗಾಲದ ಪ್ರಮಾಣ ಶೇಕಡಾ ಒಂದರ ಹತ್ತನೆಯ ಭಾಗದಷ್ಟು ಆಚೀಚೆಯಾದರೂ ವಸ್ತುವಿನ ಗುಣ ಬದಲಾಗುತ್ತದೆ. ಅದರ ಮೇಲೆ ಮ್ಯಾಂಗನೀಸ್, ಕ್ರೋಮಿಯಂ, ನಿಕ್ಕಲ್, ಮೊಲಿಬ್ಡಿನಂಗಳ ಬೆರಕೆ ಬೇರೆ. ಹೀಗಾಗಿ ಉಕ್ಕು ಎಂಬುದು ಒಂದು ವಸ್ತುವಿನ ಹೆಸರಾಗಿರದೆ ಸಾವಿರಾರು ವಸ್ತುಗಳ ಒಂದು ಕುಲದ ಹೆಸರಾಗಿದೆ. ಎಲ್ಲ ವಸ್ತುಗಳನ್ನೂ ಒಂದೇ ಸೂರಿನಡಿ ಕಲಿಸುವ ಇಂದಿನ ವಸ್ತುವಿಜ್ಞಾನ ವಿಭಾಗಗಳಲ್ಲಿ ಈ ಕುಲಕ್ಕೆ ಸಿಗುವ ಪಾಲು ಒಂದೆರಡು ಪತ್ರಿಕೆಗಳಷ್ಟು. ವಿದ್ಯಾರ್ಥಿಗಳ ಒಲವೂ ಅರೆವಾಹಕಗಳ ಕಡೆಗೆ, ಬ್ಯಾಟರಿಗಳ ಕಡೆಗೆ, ಕೊನೆಗೆ ತಂತ್ರಾಂಶದ ಕಡೆಗೆ ವಾಲುತ್ತದೆ. 2018ರಿಂದ ಜಗತ್ತಿನ ಎರಡನೆಯ ಅತಿ ದೊಡ್ಡ ಕಚ್ಚಾ ಉಕ್ಕಿನ ಉತ್ಪಾದಕನಾಗಿರುವ, 2017ರ ರಾಷ್ಟ್ರೀಯ ಉಕ್ಕು ನೀತಿಯಲ್ಲಿ 2030-31ರೊಳಗೆ 30 ಕೋಟಿ ಟನ್ ಸಾಮರ್ಥ್ಯದ ಗುರಿಯಿಟ್ಟುಕೊಂಡಿರುವ ದೇಶಕ್ಕೆ ಇದು ಸಾಲದು. ಜರ್ಮನಿಯಲ್ಲಿ ಕಬ್ಬಿಣದ ಅಧ್ಯಯನ ನೂರು ವರ್ಷ ಹಣ್ಣಾದ ಮೇಲೆ ಹೆಸರು ಬದಲಾಯಿತೆಂಬುದನ್ನು ಮರೆತು, ಕಾಯಿ ಕಟ್ಟುವ ಮೊದಲೇ ಭಾರತವೂ ಅದೇ ದಾರಿ ಹಿಡಿಯಬೇಕೆನ್ನುವುದು ಅವಸರದ ಮಾತು.

ಎರಡನೆಯ ಪ್ರಶ್ನೆ, ಅಂದರೆ ಸ್ಥಳದ ಪ್ರಶ್ನೆ, ಇಷ್ಟು ಸುಲಭದ್ದಲ್ಲ. ಅದಿರು ಇದ್ದಲ್ಲಿ ಕಾರ್ಖಾನೆ, ಕಾರ್ಖಾನೆ ಇದ್ದಲ್ಲಿ ಶಾಲೆ ಎಂಬುದು ರೂಢಿಯ ತರ್ಕ. ಬಾಬಾಬುಡನ್‌ಗಿರಿಯ ಅದಿರು, ಮಲೆನಾಡಿನ ಸೌದೆಯ ಇದ್ದಿಲು, ಭದ್ರಾ ನದಿಯ ನೀರು ಒಂದೆಡೆ ಸೇರುವ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದ್ದು ಇದೇ ತರ್ಕದ ಮೇಲೆ. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಷ್ಟದ ಕಾರ್ಖಾನೆಯನ್ನು ನೆಟ್ಟಗೆ ನಿಲ್ಲಿಸಿದರು. ಆದರೆ ಇದ್ದಿಲಿನ ಕಾಲ ಮುಗಿದು ವಿದ್ಯುತ್ತಿನ ಕಾಲ ಬಂದಾಗ, ವಿದ್ಯುತ್ತೂ ದುಬಾರಿಯಾದಾಗ, ಮುಂದೇನೆಂದು ಕಾರ್ಖಾನೆಗಿಂತ ಹತ್ತು ವರ್ಷ ಮುಂದೆ ನಿಂತು ಯೋಚಿಸುವ ಉನ್ನತ ಅಧ್ಯಯನದ ಸಂಸ್ಥೆಯೊಂದು ಅದರ ಪಕ್ಕದಲ್ಲಿ ಬೆಳೆಯಲಿಲ್ಲ. 2023ರ ಆರಂಭದಲ್ಲಿ, ಶತಮಾನೋತ್ಸವದ ಹೊಸ್ತಿಲಲ್ಲೇ, ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂದು ಊರು ಬೀದಿಗಿಳಿಯಿತು. ಇನ್ನು ಬಳ್ಳಾರಿ, ಕೊಪ್ಪಳ ಜಿಲ್ಲೆಗಳಲ್ಲಿ ಅದಿರೂ ಇದೆ, ತೋರಣಗಲ್ಲಿನಂಥ ಬೃಹತ್ ಕಾರ್ಖಾನೆಯೂ ಇದೆ. ರೂಢಿಯ ತರ್ಕವನ್ನು ಒಪ್ಪಿದರೆ ಶಾಲೆ ಅಲ್ಲಿಯೇ ಆಗಬೇಕು.

ಈ ತರ್ಕದಲ್ಲಿ ಕೊರತೆಯೊಂದಿದೆ. ಉಕ್ಕಿನ ಬದುಕು ಕುಲುಮೆಯಲ್ಲಿ ಹುಟ್ಟುವುದರೊಂದಿಗೆ ಮುಗಿಯುವುದಿಲ್ಲ. ಅದು ತೊಲೆಯಾಗಿ, ಹಳಿಯಾಗಿ, ಬಾಯ್ಲರ್ ಆಗಿ ದುಡಿದು, ತುಕ್ಕು ಹಿಡಿದು, ಮುರಿದು, ಗುಜರಿಯಾಗಿ ಮತ್ತೆ ಕುಲುಮೆ ಸೇರುತ್ತದೆ. ಮುಂದಿನ ಅರ್ಧ ಶತಮಾನದ ಸಂಶೋಧನೆಯ ಕಠಿಣ ಪ್ರಶ್ನೆಗಳು ಹುಟ್ಟುವುದು ಈ ಉತ್ತರಾರ್ಧದಲ್ಲಿ. ಅದನ್ನು ಕಣ್ಣೆದುರು ನೋಡಬೇಕಾದರೆ ಗಣಿಯ ದಿಕ್ಕು ಬಿಟ್ಟು ಠಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಗಳ ದಿಕ್ಕಿಗೆ ತಿರುಗಬೇಕಾಗುತ್ತದೆ.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ಪ್ರಯಾಣಿಕ ರೈಲಿನ ಹಳಿಯೂ ಎಂಜಿನ್ನೂ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವು. ಈ ಪ್ರದೇಶಕ್ಕೆ ಕಬ್ಬಿಣದ ನಂಟು ಶುರುವಾದದ್ದೇ ಬಳಕೆಯ ಕಡೆಯಿಂದ, ಉತ್ಪಾದನೆ ಬಂದದ್ದು ಬಹಳ ತಡವಾಗಿ. ಲಾಹೋರಿನಲ್ಲಿ ಬೇರು ಬಿಟ್ಟು, 1937ರಲ್ಲಿ ಕಂಪನಿಯಾಗಿ ನೋಂದಣಿಯಾಗಿ, ಬಳಿಕ ಜಮನಾಲಾಲ್ ಬಜಾಜ್ ಮತ್ತು ಜೀವನ್‌ಲಾಲ್ ಅವರ ಕೈಗೆ ಬಂದ ಮುಕುಂದ್ ಸಂಸ್ಥೆ ಕಲ್ವಾ-ದಿಘೆಯ ಬಯಲಿನಲ್ಲಿ ಉಕ್ಕಿನ ಕಾರ್ಖಾನೆ ತೆರೆಯಿತು. ಮುಂದೆ ಅದೇ ಸಂಸ್ಥೆ ಕಲ್ಯಾಣಿ ಸ್ಟೀಲ್ಸ್ ಜೊತೆಗೂಡಿ ಕೊಪ್ಪಳದ ಹತ್ತಿರದ ಗಿಣಿಗೇರಾದಲ್ಲಿ ಹೊಸಪೇಟೆ ಸ್ಟೀಲ್ಸ್ ಎಂಬ ಜಂಟಿ ವ್ಯವಸ್ಥೆಯಲ್ಲಿ ಮಿಶ್ರಲೋಹದ ಉಕ್ಕು ತಯಾರಿಸತೊಡಗಿದ್ದರಿಂದ, ಠಾಣೆಯ ಕೊಲ್ಲಿಗೂ ತುಂಗಭದ್ರೆಯ ದಂಡೆಗೂ ನಡುವೆ ಉಕ್ಕಿನದೇ ಒಂದು ಸಂಬಂಧ ಏರ್ಪಟ್ಟಿದೆ. ದಕ್ಷಿಣಕ್ಕೆ ಸರಿದರೆ ತಳೋಜಾದ ಕೈಗಾರಿಕಾ ವಸಾಹತು. ಅದರಾಚೆ, ಮುಂಬಯಿಯ ಇಕ್ಕಟ್ಟಿನ ಕಬ್ಬಿಣದ ಪೇಟೆಯನ್ನು ಹೊರಗೊಯ್ಯಲೆಂದು ಸರ್ಕಾರಿ ನಗರ ನಿರ್ಮಾಣ ನಿಗಮವಾದ ಸಿಡ್ಕೊ ರೂಪಿಸಿದ ಕಳಂಬೊಲಿಯ ಉಕ್ಕಿನ ಮಾರುಕಟ್ಟೆ. ಪೂರ್ವಕ್ಕೆ ಡೊಂಬಿವಲಿಯ ರಾಸಾಯನಿಕ ಕಾರ್ಖಾನೆಗಳಲ್ಲಿ ಆಮ್ಲ, ಕ್ಷಾರಗಳನ್ನು ಒಡಲಲ್ಲಿಟ್ಟುಕೊಂಡು ಸವೆಯುವ ಸ್ಟೇನ್‌ಲೆಸ್ ಪಾತ್ರೆಗಳು. ಗೋದಾಮುಗಳಲ್ಲಿ ಕೋನಪಟ್ಟಿ, ಚಾನೆಲ್, ದುಂಡು ಸರಳುಗಳ ತುದಿಗೆ ದರ್ಜೆ ತಿಳಿಸುವ ಬಣ್ಣ ಬಳಿದಿರುತ್ತದೆ; ಬಣ್ಣ ಅಳಿಸಿದ್ದರೆ ಅನುಭವಿ ಕೆಲಸಗಾರ ಅದನ್ನು ಸಾಣೆ ಚಕ್ರಕ್ಕೆ ಒತ್ತಿ, ಸಿಡಿಯುವ ಕಿಡಿ ಎಷ್ಟು ಕವಲೊಡೆಯುತ್ತದೆಂಬುದರ ಮೇಲೆ ಇಂಗಾಲವನ್ನು ಅಂದಾಜು ಮಾಡುತ್ತಾನೆ, ಅಯಸ್ಕಾಂತ ಹಿಡಿದು ಸ್ಟೇನ್‌ಲೆಸ್ಸಿನ ಜಾತಿ ಹೇಳುತ್ತಾನೆ. ಈ ಅರಿವಿಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಟ್ಟಿಲ್ಲ, ಆದರೂ ದಿನಕ್ಕೆ ಲಕ್ಷಾಂತರ ರೂಪಾಯಿಯ ವ್ಯವಹಾರ ಅದರ ಮೇಲೆ ನಡೆಯುತ್ತದೆ.

ತುಕ್ಕಿನ ಪಾಠಕ್ಕೆ ಈ ನೆಲದಲ್ಲಿ ಪುಸ್ತಕವೇ ಬೇಡ. ಮುಂಬಯಿಯನ್ನು ವಾಶಿಗೆ ಜೋಡಿಸುವ ಠಾಣೆ ಖಾರಿಯ ಮೊದಲ ಸೇತುವೆ 1973ರಲ್ಲಿ ತೆರೆಯಿತು. ಅದರ ಕಾಂಕ್ರೀಟಿನೊಳಗೆ ಮೊದಲೇ ಎಳೆದು ಬಿಗಿದಿಟ್ಟ ಉಕ್ಕಿನ ಹುರಿಗಳಿಗೆ ಬೇಗನೆ ತುಕ್ಕು ತಗುಲಿ, ಭಾರದ ವಾಹನಗಳನ್ನು ತಡೆಯಬೇಕಾಯಿತು. ಕಾಲು ಶತಮಾನ ತುಂಬುವ ಮೊದಲೇ, 1997ರಲ್ಲಿ, ಪಕ್ಕದಲ್ಲಿ ಎರಡನೆಯ ಸೇತುವೆ ತೆರೆಯಬೇಕಾಯಿತು. ಕಾಂಕ್ರೀಟು ಕ್ಷಾರಗುಣದ್ದಾದುದರಿಂದ ಅದರೊಳಗಿನ ಉಕ್ಕಿನ ಮೈಮೇಲೆ ತೀರ ತೆಳುವಾದ, ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆಯೊಂದು ಕಟ್ಟಿ, ಅದೇ ಉಕ್ಕನ್ನು ಕಾಯುತ್ತಿರುತ್ತದೆ. ಖಾರಿಯ ಉಪ್ಪುಗಾಳಿಯಲ್ಲಿರುವ ಕ್ಲೋರೈಡು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಈ ಪೊರೆಯನ್ನು ಅಲ್ಲಲ್ಲಿ ಚುಚ್ಚುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ, ಸೀಳಿನಿಂದ ಇನ್ನಷ್ಟು ಉಪ್ಪು ಇಳಿಯುತ್ತದೆ. ಬಿಗಿದಿಟ್ಟ ಹುರಿಯಲ್ಲಂತೂ ಎಳೆತದ ಒತ್ತಡವೂ ಸೇರಿಕೊಂಡು ಲೋಹ ಮುನ್ಸೂಚನೆ ಕೊಡದೆ ತುಂಡಾಗಬಹುದು. ಇಂದು ಶಿವಡಿಯಿಂದ ನವಿ ಮುಂಬಯಿಯ ಕಡೆಗೆ 21.8 ಕಿಲೋಮೀಟರು ಚಾಚಿರುವ, 2024ರ ಜನವರಿ 12ರಂದು ಉದ್ಘಾಟನೆಯಾದ ಅಟಲ್ ಸೇತು ನೂರು ವರ್ಷದ ಬಾಳಿಕೆಯ ಲೆಕ್ಕದಲ್ಲಿ ನಿಂತಿದೆ. ಅದರ ಉದ್ದನೆಯ ಅಂಕಣಗಳು ಉಕ್ಕಿನವು. ಆ ಲೆಕ್ಕ ನಿಜವಾಗುತ್ತದೆಯೇ ಎಂದು ವರ್ಷವರ್ಷವೂ ಅಳೆದು, ಬರೆದಿಟ್ಟು, ಮುಂದಿನ ಪೀಳಿಗೆಗೆ ದಾಟಿಸುವ ಕೆಲಸ ಗುತ್ತಿಗೆದಾರನದಲ್ಲ, ಶಾಲೆಯದು. ಕಲ್ಯಾಣಿನ ಪತ್ರಿ ಪೂಲ್ ಎಂಬ ಹಳೆಯ ಸೇತುವೆ ನೂರು ವರ್ಷ ದಾಟಿ ದುಡಿದು 2018ರಲ್ಲಿ ಕೆಳಗಿಳಿಯಿತು. ಅಂಥ ಸೇತುವೆಗಳ ತೊಲೆಗಳು ಗುಜರಿಗೆ ಹೋಗುವ ಮೊದಲು ಒಂದೊಂದು ತುಂಡಾದರೂ ಸೂಕ್ಷ್ಮದರ್ಶಕದ ಕೆಳಗೆ ಬರಬೇಕೆಂಬ ನಿಯಮ ಈ ದೇಶದಲ್ಲಿ ಇಲ್ಲದಿರುವುದು, ಲೋಹಶಾಸ್ತ್ರಕ್ಕೆ ಸಂಬಂಧಿಸಿದ ಮಟ್ಟಿಗೆ, ಶಾಸನಗಳನ್ನು ಓದದೆ ಒಲೆಗಲ್ಲಾಗಿಸಿದಷ್ಟೇ ನಷ್ಟ.

ಗುಜರಿಯ ಪ್ರಶ್ನೆ ಇನ್ನೂ ತೊಡಕಿನದು. ಅದಿರಿನಿಂದ ಉಕ್ಕು ಮಾಡಲು ಇಂದು ಹೆಚ್ಚಾಗಿ ಬಳಸುವುದು ಕಲ್ಲಿದ್ದಲನ್ನು, ಆದುದರಿಂದ ಇಂಗಾಲದ ಹೊಗೆ ಬಹಳ; ಭಾರತದಲ್ಲಿ ಒಂದು ಟನ್ ಕಚ್ಚಾ ಉಕ್ಕಿಗೆ ಸರಾಸರಿ ಎರಡೂವರೆ ಟನ್ನಿನಷ್ಟು ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ, ಜಗತ್ತಿನ ಸರಾಸರಿ ಎರಡು ಟನ್ನಿಗಿಂತ ಕಡಿಮೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ಹೊರಡಿಸಿದ ವರ್ಗೀಕರಣದಂತೆ ಹಸಿರು ಉಕ್ಕು ಎನಿಸಿಕೊಳ್ಳಲು ಅದು ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್ನಿಗಿಂತ ಕೆಳಗಿಳಿಯಬೇಕು. ಗುಜರಿಯನ್ನು ವಿದ್ಯುತ್ತಿನಿಂದ ಕರಗಿಸಿದರೆ ಈ ಹೊರೆ ಬಹಳ ಇಳಿಯುತ್ತದೆಂಬುದು ನಿಜ. ಆದರೆ ಹಳೆಯ ಕಾರು, ಫ್ರಿಜ್ಜು, ಮೋಟಾರುಗಳ ಜೊತೆಗೆ ಅವುಗಳ ತಾಮ್ರದ ತಂತಿಯೂ ಕುಲುಮೆಗೆ ಬೀಳುತ್ತದೆ. ಆಮ್ಲಜನಕ ಊದಿದಾಗ ತಾಮ್ರಕ್ಕಿಂತ ಮೊದಲು ಕಬ್ಬಿಣವೇ ಉರಿದುಹೋಗುವುದರಿಂದ ಒಳಹೊಕ್ಕ ತಾಮ್ರವನ್ನು ಹೊರತೆಗೆಯುವ ಅಗ್ಗದ ದಾರಿಯಿಲ್ಲ. ಎರಕ ಹೊಯ್ದ ಬಿಲ್ಲೆಟ್ಟನ್ನು ಸರಳಾಗಿ ಲಟ್ಟಿಸಲು 1100 ಡಿಗ್ರಿಗೂ ಮೇಲೆ ಕಾಯಿಸಿದಾಗ ಮೇಲ್ಮೈಯ ಕಬ್ಬಿಣ ಸುಟ್ಟು ಹೊಪ್ಪಳೆಯಾಗುತ್ತದೆ, ಉರಿಯದ ತಾಮ್ರ ಆ ಹೊಪ್ಪಳೆಯ ಅಡಿಯಲ್ಲಿ ದಟ್ಟವಾಗುತ್ತದೆ, 1085 ಡಿಗ್ರಿಗೆ ಕರಗುವ ಗುಣದ್ದಾದುದರಿಂದ ದ್ರವವಾಗಿ ಉಕ್ಕಿನ ಕಣಗಳ ಸಂದಿಗಳಲ್ಲಿ ಇಳಿಯುತ್ತದೆ. ಉರುಳೆಯ ನಡುವೆ ಸಿಕ್ಕ ಬಿಲ್ಲೆಟ್ಟು ಆ ಸಂದಿಗಳಲ್ಲೇ ಬಿರುಕು ಬಿಡುತ್ತದೆ. ಒಮ್ಮೆ ಸೇರಿದ ತಾಮ್ರ ಮುಂದಿನ ಸುತ್ತಿನ ಗುಜರಿಯಲ್ಲೂ ಇರುತ್ತದೆ, ಪ್ರತಿ ಸುತ್ತಿಗೂ ಇನ್ನಷ್ಟು ಕೂಡಿಕೊಳ್ಳುತ್ತದೆ. ಇದರ ಜೊತೆಗೆ ಭಾರತದಲ್ಲಿ ವಿಶೇಷವಾಗಿ ಕಾಡುವ ಇನ್ನೊಂದು ತೊಂದರೆಯಿದೆ: ಇಲ್ಲಿನ ಅಸಂಖ್ಯ ಸಣ್ಣ ಘಟಕಗಳು ಬಳಸುವ ಇಂಡಕ್ಷನ್ ಕುಲುಮೆಗಳ ಒಳಮೈ ಸಿಲಿಕಾದ್ದಾಗಿರುವುದರಿಂದ, ರಂಜಕವನ್ನು ಹೀರಬಲ್ಲ ಸುಣ್ಣದ ಕಿಟ್ಟವನ್ನು ಹಾಕಿದರೆ ಒಳಮೈಯೇ ಕೊರೆದುಹೋಗುತ್ತದೆ. ಉಳಿದ ರಂಜಕ ಉಕ್ಕನ್ನು ಪೆಡಸುಗೊಳಿಸುತ್ತದೆ. ಪೋಹಾಂಗ್‌ನಲ್ಲಿ ಈ ರಂಜಕದ ಪ್ರಶ್ನೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಅದು ಅವರ ಪ್ರಶ್ನೆಯಲ್ಲ.

ಇದಕ್ಕೆಲ್ಲ ಈಗಿರುವ ಸಂಸ್ಥೆಗಳು ಸಾಲವೇ ಎಂಬ ಆಕ್ಷೇಪ ಸಹಜವಾದದ್ದು. ಜಮ್ಶೇದ್‌ಪುರದಲ್ಲಿ 1950ರಿಂದ ರಾಷ್ಟ್ರೀಯ ಲೋಹಶಾಸ್ತ್ರ ಪ್ರಯೋಗಾಲಯವಿದೆ, ರಾಂಚಿಯಲ್ಲಿ ಉಕ್ಕು ಪ್ರಾಧಿಕಾರದ ಸಂಶೋಧನ ಕೇಂದ್ರವಿದೆ, ಪಂಜಾಬಿನ ಮಂಡಿ ಗೋಬಿಂದಗಢದಲ್ಲಿ ಸಣ್ಣ ಘಟಕಗಳಿಗೆಂದೇ ಒಂದು ಸಂಸ್ಥೆಯಿದೆ, ಠಾಣೆಗೆ ಕೂಗಳತೆಯ ಪವಯಿಯಲ್ಲಿ ಐಐಟಿಯ ಲೋಹಶಾಸ್ತ್ರ ವಿಭಾಗವೂ ಅಲ್ಲಿಯ ಉಕ್ಕು ತಂತ್ರಜ್ಞಾನದ ಕೇಂದ್ರವೂ ಇವೆ. ಇವುಗಳ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಆದರೆ ಪ್ರಯೋಗಾಲಯದ ಕೆಲಸ ಬೇರೆ, ಶಾಲೆಯ ಕೆಲಸ ಬೇರೆ: ಪ್ರಯೋಗಾಲಯ ಸಮಸ್ಯೆಗೆ ಉತ್ತರ ಕೊಡುತ್ತದೆ, ಶಾಲೆ ಮೂವತ್ತು ವರ್ಷ ಕಾಲ ಅದೇ ಸಮಸ್ಯೆಯ ಬೆನ್ನು ಹತ್ತುವ ಮನುಷ್ಯರನ್ನು ತಯಾರಿಸುತ್ತದೆ. ಐಐಟಿಯ ವಿಭಾಗಕ್ಕೆ ಉಕ್ಕು ಹತ್ತರಲ್ಲಿ ಒಂದು. ಕಳಂಬೊಲಿಯ ಗೋದಾಮಿನ ಬಾಗಿಲು ಅದರ ವಿದ್ಯಾರ್ಥಿಗೆ ಪಠ್ಯಕ್ರಮದ ಭಾಗವಾಗಿ ತೆರೆಯುವುದಿಲ್ಲ.

ಹಣದ ಮಾತಿನಲ್ಲಿ ಎಚ್ಚರ ಬೇಕು. ಪೋಹಾಂಗ್‌ನ ಶಾಲೆ ನಿಂತದ್ದು ಪೋಸ್ಕೊ ಎಂಬ ಉಕ್ಕಿನ ಕಂಪನಿಯ ಬೆಂಬಲದಿಂದ. ಆ ಕಂಪನಿಯ ಸ್ಥಾಪಕ ಪಾರ್ಕ್ ತೇ-ಜುನ್ ಅವರೇ 1986ರಲ್ಲಿ ಪೋಸ್ಟೆಕ್ ವಿಶ್ವವಿದ್ಯಾಲಯವನ್ನೂ ಕಟ್ಟಿಸಿದರು. ಭಾರತದ ಉಕ್ಕಿನ ಕಂಪನಿಗಳು ಸಂಶೋಧನೆಗೆ ತೆಗೆದಿಡುವ ಹಣ ಸಾಮಾನ್ಯವಾಗಿ ವಹಿವಾಟಿನ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಒಂದೇ ಮನೆತನದ ಹಣದಲ್ಲಿ ನಿಂತ ಶಾಲೆಯು ಆ ಮನೆತನದ ಸರಳು ಏಕೆ ತುಕ್ಕು ಹಿಡಿಯಿತೆಂದು ಬಹಿರಂಗವಾಗಿ ಬರೆಯುವುದು ಕಷ್ಟ. ಕಳಂಬೊಲಿಯ ವ್ಯವಹಾರದ ಮೇಲೆ ಟನ್ನಿಗಿಷ್ಟೆಂದು ಸಣ್ಣದೊಂದು ಸೆಸ್ಸು, ಸೇತುವೆ ಕಟ್ಟುವ ಪ್ರಾಧಿಕಾರಗಳ ನಿರ್ವಹಣಾ ನಿಧಿಯಲ್ಲಿ ಒಂದು ಪಾಲು, ರೈಲ್ವೆಯ ಒಂದು ಪಾಲು, ಕಂಪನಿಗಳದು ಉಳಿದದ್ದು ಎಂಬಂತೆ ಹಲವು ಕೈಗಳ ಹಣವಾದರೆ ಯಾರ ಕೈಯೂ ಬಾಯಿ ಮುಚ್ಚಿಸಲಾರದು.

ಹಾಗೆಂದು ಬಳ್ಳಾರಿ-ಕೊಪ್ಪಳದ ಹಕ್ಕನ್ನು ತಳ್ಳಿಹಾಕಿದಂತಾಗಬಾರದು. ಉಕ್ಕು ಹುಟ್ಟುವ ಕಡೆಯನ್ನು ನೋಡದ ಸಂಶೋಧಕ ಅರ್ಧ ಸಂಶೋಧಕ. ಗಿಣಿಗೇರಾ ಮತ್ತು ಕಲ್ವಾಗಳ ನಡುವೆ ಉದ್ಯಮ ಆಗಲೇ ಹಾಕಿಟ್ಟ ದಾರಿಯನ್ನೇ ಶಾಲೆಯೂ ಹಿಡಿದು, ವಿದ್ಯಾರ್ಥಿಯ ಮೊದಲ ವರ್ಷ ಊದುಕುಲುಮೆಯ ಬಳಿ, ಮುಂದಿನ ವರ್ಷಗಳು ಖಾರಿಯ ದಂಡೆಯಲ್ಲಿ ಎಂದು ಗೊತ್ತುಮಾಡುವುದು ಸಾಧ್ಯ. ಕೊಪ್ಪಳದ ಹುಡುಗನಿಗೂ, ಡೊಂಬಿವಲಿಯಲ್ಲಿ ಬೆಳೆದ ಕನ್ನಡದ ಹುಡುಗಿಗೂ ಎರಡು ತುದಿಗಳಲ್ಲಿ ಒಂದಾದರೂ ಮನೆಯ ಹತ್ತಿರವೇ ಇರುತ್ತದೆ. ಅವಸರ ಮಾಡಬೇಕಾದದ್ದು ಮಾತ್ರ ಠಾಣೆಯ ತುದಿಯಲ್ಲಿ: ಠಾಣೆ-ಬೇಲಾಪುರ ರಸ್ತೆಯ ಹಳೆಯ ಕಾರ್ಖಾನೆಗಳ ಜಾಗಗಳಲ್ಲಿ ಒಂದೊಂದಾಗಿ ಮಾಹಿತಿ ಕೇಂದ್ರಗಳೂ ವಸತಿ ಗೋಪುರಗಳೂ ಏಳುತ್ತಿವೆ, ಕಲ್ವಾ-ದಿಘೆಯ ಉಕ್ಕಿನ ಕಾರ್ಖಾನೆಯ ಭೂಮಿಯ ಒಂದು ಭಾಗವೂ ಈಚಿನ ವರ್ಷಗಳಲ್ಲಿ ಮಾರಾಟವಾಗಿದೆ. ಮಹಾರಾಷ್ಟ್ರ ಸರ್ಕಾರವೂ ಕೇಂದ್ರ ಉಕ್ಕು ಸಚಿವಾಲಯವೂ ಉಳಿದಿರುವ ಶೆಡ್ಡುಗಳಲ್ಲಿ ಒಂದನ್ನು, ಅದರ ಕ್ರೇನು ಮತ್ತು ಕುಲುಮೆಯ ಗುಂಡಿಯ ಸಮೇತ, ಶಾಲೆಗೆಂದು ಈಗಲೇ ಕಾದಿರಿಸಬೇಕು.