ಟಿವಿ ಸತ್ತಿಲ್ಲ, ಪವರ್ ಬೋರ್ಡ್ ನೋಡಿಸಿ

ಖಾನಾಪುರ ತಾಲ್ಲೂಕಿನ ಕಣಕುಂಬಿ, ಜಾಂಬೋಟಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗುವುದು, ಬರುವುದು ಇದ್ದದ್ದೇ. ಹಾಗೆ ಬಂದಾಗ ಟಿವಿ ಸುಮ್ಮನಾದರೆ ‘ಹಳೇದಾಯ್ತು, ಹೊಸದು ತಗೊಳ್ಳಿ’ ಎನ್ನುವವರೇ ಹೆಚ್ಚು. ತಕ್ಷಣ ಒಪ್ಪಬೇಡಿ.

ಮೊದಲು ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಕರೆಂಟ್ ಇದ್ದೂ ಟಿವಿಯ ಕೆಂಪು ದೀಪ ಹತ್ತದಿದ್ದರೆ ದೋಷ ಹೆಚ್ಚಾಗಿ ಪವರ್ ಬೋರ್ಡಿನದು. ಫ್ಯೂಸ್ ಹೋಗಿರಬಹುದು, ಕೆಪ್ಯಾಸಿಟರ್ ಉಬ್ಬಿರಬಹುದು. ಪರದೆ ಚೆನ್ನಾಗಿಯೇ ಇರಬಹುದು.

ಆದರೆ ವಿಡಿಯೋ ನೋಡಿಕೊಂಡು ಹಿಂದಿನ ಮುಚ್ಚಳ ಬಿಚ್ಚಬೇಡಿ. ಮನೆಯ 230 ವೋಲ್ಟ್ ಎಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಪ್ಲಗ್ ಕಿತ್ತ ಮೇಲೂ ಅದು ದೊಡ್ಡ ಕೆಪ್ಯಾಸಿಟರಿನಲ್ಲಿ ಉಳಿದಿರಬಹುದು. ಮುಟ್ಟಿದರೆ ಜೀವಕ್ಕೇ ಅಪಾಯ.

ಖಾನಾಪುರದಲ್ಲಾಗಲಿ, ಬೆಳಗಾವಿಯಲ್ಲಾಗಲಿ, ರಿಪೇರಿಗೆ ಕೊಡುವಾಗ ಮೂರು ಮಾತು ಕೇಳಿ: ಕೆಟ್ಟಿದ್ದು ಯಾವ ಭಾಗ? ಅದಷ್ಟನ್ನೇ ಬದಲಿಸಲು ಎಷ್ಟು? ಹಳೆಯ ಭಾಗ ವಾಪಸ್ ಕೊಡುತ್ತೀರಾ? ಕೇಳಲು ಸಂಕೋಚ ಬೇಡ. ಕೇಂದ್ರ ಸರ್ಕಾರವೇ 2022ರಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ.

ಪರದೆಯೇ ಒಡೆದಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಹೊಸ ಟಿವಿಯ ಕಂತಿಗೆ ಸಹಿ ಹಾಕುವ ಮುನ್ನ ಒಮ್ಮೆ ರಿಪೇರಿಯವರ ಬಳಿ ಹೋಗಿ. ನಾವು ಕೆಲಸ ಕೊಟ್ಟರಷ್ಟೇ ಆ ಕೈಗಳು ಊರಲ್ಲಿ ಉಳಿಯುತ್ತವೆ.