ಮೊದಲು ಬಿಪಿ, ಆಮೇಲೆ ತಾಯಿ ಕಾರ್ಡ್

1/5
ಇನ್ನೇನು ಲೇಬರ್ ವಾರ್ಡ್ ಪೋಸ್ಟಿಂಗ್ ಶುರು. ಕೆಲವರಿಗೆ ಜಯನಗರ, ಕೆಲವರಿಗೆ ಬನಶಂಕರಿ, ಬಿಟಿಎಂ. ನೋವು ತಿಂತಾ ಬಂದ ಗರ್ಭಿಣಿಗೆ ನೀವು ಕೇಳೋ ಮೊದಲ ಪ್ರಶ್ನೆ ಯಾವುದು? "ತಾಯಿ ಕಾರ್ಡ್ ಎಲ್ಲಮ್ಮ?" ಅಂತಾದ್ರೆ, ಈ ಸರಣಿ ನಿಮಗೇ.

2/5
2022ರ ನವೆಂಬರ್, ತುಮಕೂರು ಜಿಲ್ಲಾಸ್ಪತ್ರೆ. ಹೊಟ್ಟೆಯಲ್ಲಿ ಅವಳಿ ಮಕ್ಕಳು, ಕೈಯಲ್ಲಿ ತಾಯಿ ಕಾರ್ಡೂ ಇಲ್ಲ, ಆಧಾರೂ ಇಲ್ಲ. ಸೇರಿಸಿಕೊಳ್ಳದೆ ಬೆಂಗಳೂರಿನ ವಾಣಿವಿಲಾಸಕ್ಕೆ ಹೋಗಿ ಅಂದ್ರು ಅಂತ ವರದಿಯಾಯ್ತು. ಆಕೆ ಮನೆಗೆ ವಾಪಸ್ ಹೋದಳು. ಅಲ್ಲೇ ಹೆರಿಗೆ. ತಾಯಿಯೂ ಉಳಿಯಲಿಲ್ಲ, ಎರಡು ಮಕ್ಕಳೂ ಉಳಿಯಲಿಲ್ಲ. ಆಮೇಲೆ ವೈದ್ಯೆ, ನರ್ಸ್‌ಗಳ ಅಮಾನತು. ಅಮಾನತು ಆದೇಶದಿಂದ ಯಾರ ಉಸಿರೂ ವಾಪಸ್ ಬರಲ್ಲ.

3/5
"ರೂಲ್ಸ್ ಹಾಗಿದೆ" ಅನ್ನಬೇಡಿ. ಜೀವ ಉಳಿಸೋದು ಮೊದಲು, ಕಾಗದಪತ್ರ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್ ಮಾತ್ರವಲ್ಲ, ಇನ್ನೊಂದು ಆಸ್ಪತ್ರೆಗೆ ಸಾಗಿಸೋ ಗಾಡಿಯೂ ಉಚಿತ. "ದೊಡ್ಡಾಸ್ಪತ್ರೆಗೆ ಹೋಗಿ" ಅಂತ ಬಾಗಿಲು ತೋರಿಸೋದು ರೆಫರಲ್ ಅಲ್ಲ, ಕೈ ತೊಳ್ಕೊಳ್ಳೋದು.

ರಶ್ ಇರುತ್ತೆ, ಸ್ಟಾಫ್ ಕಡಿಮೆ. ನಿಜ. ಟ್ರಯಾಜ್ ಇರೋದೇ ಅದಕ್ಕೆ! ಮೊದಲು ಬಂದವರನ್ನಲ್ಲ, ಮೊದಲು ಅಪಾಯಕ್ಕೆ ಬೀಳೋರನ್ನ ಮೊದಲು ನೋಡೋಕೆ. ಬಿಪಿ, ನಾಡಿ, ರಕ್ತಸ್ರಾವ, ಮಗುವಿನ ಎದೆಬಡಿತ. ಕೆಲವೇ ನಿಮಿಷದ ಕೆಲಸ.

4/5
ಡಿಸ್ಚಾರ್ಜ್ ಕಥೆಯೂ ಅಷ್ಟೇ. ನಾರ್ಮಲ್ ಹೆರಿಗೆ ಆದವರನ್ನ 48 ಗಂಟೆ ಆದ್ಮೇಲೆ ಕಳಿಸ್ತೀವಿ. ಆದರೆ ಬಾಣಂತಿಯ ಬಿಪಿ ಹೆಚ್ಚಾಗಿ ಏರೋದು 3ರಿಂದ 6ನೇ ದಿನದೊಳಗೆ. ಅಷ್ಟೊತ್ತಿಗೆ ಅವಳು ಮನೆಯಲ್ಲಿ. ತಲೆ ಸಿಡೀತಿದೆ ಅಂದ್ರೆ "ಶೀತ ಕಣೆ, ಕಿವಿಗೆ ಹತ್ತಿ ಇಟ್ಕೊ, ತಲೆಗೆ ಬಟ್ಟೆ ಕಟ್ಕೊ" ಅಂತಾರೆ. ಅವರನ್ನ ಬೈದು ಏನು ಪ್ರಯೋಜನ? ನಾವು ಕೊಟ್ಟ ಡಿಸ್ಚಾರ್ಜ್ ಸಮರಿ ಇರೋದು ಇಂಗ್ಲಿಷಲ್ಲಿ.

5/5
ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಅವಳಿಗೂ, ಬಾಣಂತನ ಮಾಡೋ ಅಮ್ಮನಿಗೋ ಅತ್ತೆಗೋ ಕೂಡ. ಕನ್ನಡ ಬಾರದವರಿಗೆ ಅವರ ಭಾಷೆ ಬರೋರನ್ನ ಕರ್ಕೊಂಡು ಬನ್ನಿ:
– ವಿಪರೀತ ತಲೆನೋವು, ಕಣ್ಣು ಮಂಜು, ಫಿಟ್ಸ್
– ಒಂದು ಗಂಟೆಯಲ್ಲೇ ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ
– ಜ್ವರ, ಕೆಟ್ಟ ವಾಸನೆಯ ಸ್ರಾವ
– ಏದುಸಿರು, ಎದೆನೋವು, ಒಂದೇ ಕಾಲಲ್ಲಿ ಊತ, ನೋವು
ಯಾವುದೇ ಒಂದು ಕಂಡರೂ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. 108.

ಹೇಳಿದ್ದನ್ನ ಅವರ ಬಾಯಲ್ಲೇ ಮತ್ತೆ ಹೇಳಿಸಿ. ಸಹಿ ಹಾಕಿಸ್ಕೊಂಡ್ರೆ ಫೈಲ್ ಮುಗೀತು ಅಷ್ಟೇ. ಅವರಿಗೆ ಅರ್ಥ ಆದ್ರೆ ನಿಮ್ಮ ಡ್ಯೂಟಿ ಮುಗೀತು.

ಸೇವ್ ಮಾಡ್ಕೊಳ್ಳಿ. ಪೋಸ್ಟಿಂಗ್‌ಗೆ ಹೋಗೋ ಫ್ರೆಂಡ್‌ನ ಟ್ಯಾಗ್ ಮಾಡಿ.
#ಮೊದಲುಬಿಪಿ #ಬಾಣಂತಿ #ಲೇಬರ್‌ವಾರ್ಡ್